ಅಪ್ಪ ಜೈಲಿನಲ್ಲಿದ್ದಾರೆಂದು ಮಗುವಿಗೆ ಹೇಳಬೇಕೇ?

ಪ್ರಶ್ನೆ: ಕಾಫಿ ತೋಟದ ರೈಟರ್, ಮೂಡಿಗೆರೆ

ನನ್ನ ತಂಗಿಯ ಮಗನಿಗೆ 9 ವರ್ಷ. ಗೋದಾಮಿನಿಂದ ಕಾಫಿ ಮೂಟೆ ಕಳುವಾದ ಪ್ರಕರಣದಲ್ಲಿ ಅವನ ತಂದೆ 14 ತಿಂಗಳಿಂದ ವಿಚಾರಣಾಧೀನ ಕೈದಿಯಾಗಿದ್ದಾರೆ. ಜಾಮೀನು ಮಂಜೂರಾಗಿ ನಾಲ್ಕು ತಿಂಗಳಾದರೂ ಪಹಣಿ ತಂದು ಶ್ಯೂರಿಟಿ ನಿಲ್ಲಲು ಊರಿನಲ್ಲಿ ಯಾರೂ ಒಪ್ಪುತ್ತಿಲ್ಲ. ನನಗೆ ಸ್ವಂತ ಜಮೀನಿಲ್ಲ. ಅಪ್ಪ ಕೊಡಗಿನ ತೋಟದಲ್ಲಿ ಕೆಲಸಕ್ಕಿದ್ದಾರೆ ಎಂದು ಹುಡುಗನಿಗೆ ಹೇಳಿದ್ದೇವೆ. ಅವನು ಮಾತು ಕಡಿಮೆ ಮಾಡಿದ್ದಾನೆ, ಶಾಲೆಗೆ ಹೋಗುವುದಿಲ್ಲವೆಂದು ಹಟ ಮಾಡುತ್ತಾನೆ. ಆದರೆ ಭಾನುವಾರ ಬಂತೆಂದರೆ ಅಪ್ಪನ ಗಂಬೂಟಿಗೆ ಹಿಡಿದ ಬೂಷ್ಟನ್ನು ಹಳೆಯ ಬಟ್ಟೆಯಿಂದ ಒರೆಸಿ ಜಗುಲಿಯಲ್ಲಿಡುತ್ತಾನೆ. ನಿಜ ಹೇಳಿದರೆ ಇನ್ನಷ್ಟು ಕುಗ್ಗುವನೇ?

ಉತ್ತರ: ಶಿಕ್ಷಕಿ, ಅರಸೀಕೆರೆ

ದಯವಿಟ್ಟು ಹೇಳಿ, ಅಣ್ಣ. ನನ್ನ ತಂದೆ ಜೈಲಿನಲ್ಲಿದ್ದಾಗ ನನಗೂ ಹೆಚ್ಚುಕಡಿಮೆ ಅದೇ ವಯಸ್ಸು, ಮತ್ತು ನನಗೆ ಹೇಳಿದ್ದು ಮುಂಬಯಿಯ ಕಥೆ. ಜಾತ್ರೆಯಲ್ಲಿ ಬಳೆಗಾಗಿ ಹಟ ಹಿಡಿದಿದ್ದಕ್ಕೇ ಅಪ್ಪ ಮನೆ ಬಿಟ್ಟರೆಂದು ಎರಡು ವರ್ಷ ನಂಬಿಕೊಂಡಿದ್ದೆ. ಕೊನೆಗೆ ನಿಜ ತಿಳಿದದ್ದು ಸಹಪಾಠಿಯ ಬಾಯಿಂದ, ಅದೂ ಎಲ್ಲರೆದುರು. ಅಪ್ಪ ಎಲ್ಲಿದ್ದಾರೆ, ಅದಕ್ಕೆ ಅವನು ಕಾರಣನಲ್ಲ, ಅಪ್ಪನಿಗೆ ಅವನ ನೆನಪಿದೆ ಎಂಬಿಷ್ಟನ್ನು ತಾಯಿಯೇ ಹೇಳಲಿ. ಭೇಟಿಗೆ ಕರೆದೊಯ್ಯುವ ಮುನ್ನ ಅಲ್ಲಿ ಏನು ಕಾಣುತ್ತದೆಂದೂ ತಿಳಿಸಿ. ಜಾಲರಿಯ ಆಚೆ ನಿಂತ ಅಪ್ಪ ಗದ್ದಲದ ನಡುವೆ ಕೂಗಿ ಮಾತನಾಡಿದಾಗ, ಅವರು ನನ್ನನ್ನು ಬೈಯುತ್ತಿದ್ದಾರೆಂದೇ ನಾನು ಹೆದರಿದ್ದೆ.

ಉತ್ತರ: ವಕೀಲ, ಹಾಸನ

ನಿಮ್ಮ ಭಾವನವರು ಇನ್ನೂ ಒಳಗಿರುವುದು ಅಪರಾಧಕ್ಕಿಂತ ಹೆಚ್ಚಾಗಿ ಬಡತನದಿಂದ. ಜಾಮೀನು ಸಿಕ್ಕಿಯೂ ಏಳು ದಿನಗಳಲ್ಲಿ ಬಿಡುಗಡೆಯಾಗದ ಕೈದಿಯ ವಿಷಯವನ್ನು ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ತಿಳಿಸಬೇಕೆಂದೂ, ತಿಂಗಳೊಳಗೆ ಶ್ಯೂರಿಟಿ ಒದಗದಿದ್ದರೆ ಷರತ್ತು ಸಡಿಲಿಸುವುದನ್ನು ನ್ಯಾಯಾಲಯವೇ ಪರಿಶೀಲಿಸಬಹುದೆಂದೂ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ನಿರ್ದೇಶಿಸಿದೆ. ಜಾಮೀನು ಆದೇಶದ ಪ್ರತಿಯೊಂದಿಗೆ ಚಿಕ್ಕಮಗಳೂರಿನ ಪ್ರಾಧಿಕಾರದ ಕಚೇರಿಗೆ ಹೋಗಿ. ಬಂಧನದಲ್ಲಿರುವವರಿಗೆ ಉಚಿತ ಕಾನೂನು ನೆರವು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯೇ ಕೊಟ್ಟ ಹಕ್ಕು. ಹುಡುಗನ ಓದಿಗಾಗಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕವನ್ನೂ ಕೇಳಿ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಅರ್ಹ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ.

ನನ್ನನ್ನು ಬಹಳ ದಿನಗಳಿಂದ ಕಾಡುತ್ತಿರುವ ಮಾತೊಂದಿದೆ. ಆರು ವರ್ಷದವರೆಗೆ ಮಗು ತಾಯಿಯೊಂದಿಗೆ ಜೈಲಿನಲ್ಲಿರಬಹುದು, ಜನನ ಪ್ರಮಾಣಪತ್ರದಲ್ಲಿ ಜೈಲನ್ನು ಹುಟ್ಟಿದ ಸ್ಥಳವೆಂದು ನಮೂದಿಸಬಾರದು ಎಂದೆಲ್ಲ ಆರ್.ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ 2006ರ ತೀರ್ಪು ಹೇಳಿತು. ಗೋಡೆಯೊಳಗಿನ ಮಗುವನ್ನು ಕಾನೂನು ಹೀಗೆ ಕಂಡಿತು; ಹೊರಗೆ ಜಗುಲಿಯಲ್ಲಿ ಕಾಯುವ ಮಗುವನ್ನು ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ತಂದೆ ಅಥವಾ ತಾಯಿ ಜೀವಾವಧಿ ಶಿಕ್ಷೆಗೆ ಗುರಿಯಾದ ಮಕ್ಕಳನ್ನು ರಾಜಸ್ಥಾನ, ಮಕ್ಕಳ ಪಾಲನೆಗೆ ತಿಂಗಳ ನೆರವು ಕೊಡುವ ತನ್ನ ಪಾಲನಹಾರ್ ಯೋಜನೆಗೆ ಸೇರಿಸಿಕೊಂಡಿದೆ. ಆದರೆ ನಮ್ಮ ದೇಶದ ಕೈದಿಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ವಿಚಾರಣಾಧೀನರೇ ಆಗಿರುವಾಗ, ಜಾಮೀನಿನ ಷರತ್ತು ವಿಧಿಸುವ ಹೊತ್ತಿಗೇ ಮನೆಯಲ್ಲಿ ಮಕ್ಕಳಿದ್ದಾರೆಯೇ ಎಂದು ಕೇಳುವುದು ಕಡ್ಡಾಯವಾಗಬೇಕು.

ಪ್ರಶ್ನೆ ಕೇಳಿದವರಿಂದ

ನಿನ್ನೆ ರಾತ್ರಿ ತಂಗಿ ಎಲ್ಲವನ್ನೂ ಹೇಳಿದಳು. ಅವನಿಗೆ ಯುಗಾದಿಯಿಂದಲೇ ಗೊತ್ತಿತ್ತಂತೆ. ಅಮ್ಮ ಅಳುತ್ತಾಳೆಂದು ಸುಮ್ಮನಿದ್ದನಂತೆ. ಸೋಮವಾರ ಆದೇಶದ ಪ್ರತಿಯೊಂದಿಗೆ ಚಿಕ್ಕಮಗಳೂರಿಗೆ ಹೋಗುತ್ತಿದ್ದೇನೆ. ಅವನನ್ನೂ ಕರೆದುಕೊಂಡು ಹೋಗುತ್ತೇನೆ.