2027ರ ಆಗಸ್ಟ್ ಸೂರ್ಯಗ್ರಹಣ: ಮಕ್ಕಳಿಗೆ ತೋರಿಸಿ ಫೋಟೋನೂ ತೆಗೆಯೋದು ಹೇಗೆ?

ಚಿಂತಾಮಣಿ ಟೀಚರ್:
ಎಲ್ಲರಿಗೂ ನಮಸ್ಕಾರ. ಚಿಂತಾಮಣಿ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2027ರ ಆಗಸ್ಟ್ 2ಕ್ಕೆ ಗ್ರಹಣ ಇದೆ. ಸೋಮವಾರ, ಮಕ್ಕಳು ಶಾಲೆಯಲ್ಲೇ ಇರುತ್ತಾರೆ. ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷಕ್ಕೂ ಜಾಸ್ತಿ ಹೊತ್ತು ಸೂರ್ಯ ಪೂರ್ತಿ ಮುಚ್ಚುತ್ತಾನಂತೆ, ನಮಗೆ ಸಂಜೆ ಕಡೆ ಒಂದು ಅಂಚು ಕಚ್ಚಿದಷ್ಟೇ ಕಾಣೋದು. ಅಷ್ಟಾದರೂ ಮಕ್ಕಳಿಗೆ ತೋರಿಸಲೇಬೇಕು ಅಂತ ನನ್ನ ಆಸೆ.

2019ರ ಡಿಸೆಂಬರ್ 26ರ ಗ್ರಹಣ ಇನ್ನೂ ಮನಸ್ಸಿನಲ್ಲಿದೆ. ಮಂಗಳೂರು ಕಡೆಯವರಿಗೆ ಸೂರ್ಯ ಬೆಳಕಿನ ಬಳೆಯ ಹಾಗೆ ಕಂಡಿದ್ದ, ನಮ್ಮಲ್ಲೂ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಮುಚ್ಚಿತ್ತು. ಮಕ್ಕಳನ್ನೆಲ್ಲ ಕರೆದಿದ್ದೆ, ಬಂದವರು ಆರೇ ಜನ. ಅದರಲ್ಲಿ ಒಬ್ಬ ಮನೆಯಿಂದ ಎಕ್ಸ್‌ರೇ ಹಾಳೆ ತಂದು, ನಾನು ನೋಡಿ ಕಿತ್ತುಕೊಳ್ಳುವಷ್ಟರಲ್ಲಿ ಅದರಲ್ಲೇ ಸೂರ್ಯನನ್ನು ನೋಡಿಬಿಟ್ಟಿದ್ದ. ಅವನ ಕಣ್ಣಿಗೆ ಏನೂ ಆಗಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ತೆಗೆದ ಫೋಟೋಗಳಲ್ಲಿ ಬರೀ ಬಿಳಿ ಮಚ್ಚೆ. ನನ್ನ ಹತ್ತಿರ ಡಿಎಸ್‌ಎಲ್‌ಆರ್ ಇದೆ, 55-250 ಲೆನ್ಸ್. ಏನು ತಗೋಬೇಕು, ಹೇಗೆ ಮಾಡಬೇಕು ಹೇಳಿ.

ತುಮಕೂರು ಕ್ಯಾಮೆರಾ:
ಮೇಡಂ, ಮೊದಲು ಎಕ್ಸ್‌ರೇ ವಿಷಯ. ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು, ಕೂಲಿಂಗ್ ಗ್ಲಾಸ್, ಇವು ಬೆಳಕನ್ನು ಕಡಿಮೆ ಮಾಡಿದ ಹಾಗೆ ಕಾಣುತ್ತವೆ, ಕಣ್ಣನ್ನು ಕಾಪಾಡುವುದಿಲ್ಲ. ಕಣ್ಣಿನ ಒಳಪರದೆ ಸುಟ್ಟರೂ ನೋವು ಗೊತ್ತಾಗುವುದಿಲ್ಲ, ಕೆಲವು ಗಂಟೆ ಆದಮೇಲೆ ನಡುವೆ ಮಸುಕು ಕಾಣಿಸುತ್ತದೆ. ವೆಲ್ಡಿಂಗ್ ಗಾಜು ಅಂದರೆ 14ನೇ ನಂಬರ್ ಬೇಕು, ನಮ್ಮ ಅಂಗಡಿಗಳಲ್ಲಿ ಕೇಳಿದರೆ ಸಾಮಾನ್ಯವಾಗಿ ಕೊಡುವುದು 10, 11. ಗ್ರಹಣದ ಕನ್ನಡಕ ಕೊಂಡರೆ ಐಎಸ್‌ಒ 12312-2 ಅನ್ನುವ ಸುರಕ್ಷತಾ ಗುರುತು ಇರುವುದನ್ನೇ ಕೊಳ್ಳಿ, ಗೀರು ಬಿದ್ದಿದ್ದರೆ ಎಸೆದುಬಿಡಿ.

ಕ್ಯಾಮೆರಾಕ್ಕೆ ಸೋಲಾರ್ ಫಿಲ್ಮ್ ಬೇಕು, ಬಾಡರ್ ಕಂಪನಿಯ ಬೆಳ್ಳಿ ಹಾಳೆ ಥರದ್ದು. ಡೆನ್ಸಿಟಿ, ಅಂದರೆ ಬೆಳಕು ತಡೆಯುವ ಅಳತೆ, 5 ಇರುವುದನ್ನು ತಗೊಳ್ಳಿ. 3.8ರದ್ದೂ ಬರುತ್ತದೆ, ಅದು ಫೋಟೋಗೆ ಮಾತ್ರ, ಅದರಲ್ಲಿ ಕಣ್ಣಿಟ್ಟು ನೋಡಬಾರದು. ರಟ್ಟಿನಲ್ಲಿ ಒಂದು ಬಳೆ ಮಾಡಿ, ಫಿಲ್ಮ್ ಅಂಟಿಸಿ, ಲೆನ್ಸಿನ ಮುಂದೆ ಗಾಳಿಗೆ ಬೀಳದ ಹಾಗೆ ಟೇಪ್ ಸುತ್ತಿ. ಮುಂದೆ, ಹಿಂದೆ ಅಲ್ಲ. ಗ್ರಹಣದ ಕನ್ನಡಕ ಹಾಕಿಕೊಂಡು ಫಿಲ್ಮ್ ಇಲ್ಲದ ಲೆನ್ಸಿನಲ್ಲಿ ನೋಡುವುದು ಎಲ್ಲಕ್ಕಿಂತ ಅಪಾಯ, ಲೆನ್ಸ್ ಕೂಡಿಸಿ ಕೊಟ್ಟ ಬಿಸಿಲು ಆ ಕನ್ನಡಕವನ್ನೇ ಸುಟ್ಟುಬಿಡುತ್ತದೆ. ನಮ್ಮದು ಪಾರ್ಶ್ವ ಗ್ರಹಣ ಆದ್ದರಿಂದ ಶುರುವಿನಿಂದ ಕೊನೆಯವರೆಗೂ ಫಿಲ್ಟರ್ ತೆಗೆಯುವ ಹಾಗೇ ಇಲ್ಲ.

ಕ್ಯಾಮೆರಾದ ಸೆಟ್ಟಿಂಗ್ ಐಎಸ್‌ಒ 100, ಎಫ್/8, ಶಟರ್ 1/400 ಸೆಕೆಂಡ್ ಹತ್ತಿರ ಶುರುಮಾಡಿ, ಎರಡೂ ಕಡೆ ಒಂದೆರಡು ಹೆಜ್ಜೆ ಬದಲಾಯಿಸಿ ನೋಡಿ. ಮ್ಯಾನುಯಲ್ ಫೋಕಸ್, ಸೂರ್ಯನ ಅಂಚಿನ ಮೇಲೆ. 250ರಲ್ಲಿ ಸೂರ್ಯ ಚಿತ್ರದ ಎತ್ತರದ ಆರನೇ ಒಂದು ಭಾಗ ಬರುತ್ತಾನೆ, ಚಿಕ್ಕದು ಅಂತ ಬೇಜಾರಾಗಬೇಡಿ, ಆಮೇಲೆ ಕ್ರಾಪ್ ಮಾಡಬಹುದು. ಹಿಂದಿನ ದಿನವೇ ಅದೇ ಹೊತ್ತಿಗೆ ಒಮ್ಮೆ ತೆಗೆದು ನೋಡಿ.

ಮುಳಬಾಗಿಲು:
ಅಣ್ಣ ಹೇಳಿದ್ದು ಒಬ್ಬರಿಗೆ ಸರಿ. ಅರವತ್ತು ಮಕ್ಕಳಿಗೆ ಹೇಗೆ? 2019ರಲ್ಲಿ ನಮ್ಮ ಮನೆ ಮುಂದಿನ ಹೊಂಗೆ ಮರದ ಕೆಳಗೆ ನೆಲದ ತುಂಬ ಕುಡುಗೋಲಿನ ಆಕಾರದ ಬೆಳಕಿನ ಚೂರುಗಳು ಬಿದ್ದಿದ್ದವು. ಅಮ್ಮ ರಾಗಿ ಜರಡಿ ಹಿಡಿದರು, ತೂತಿಗೊಂದು ಸೂರ್ಯ. ಆದರೆ ಈ ಸಲ ಕಚ್ಚುವುದು ಸ್ವಲ್ಪವೇ. ಜರಡಿಯನ್ನು ನೆಲದಿಂದ ಒಂದು ಮೀಟರ್ ಮೇಲೆ ಹಿಡಿದರೆ ಸೂರ್ಯ ಬೀಳುವುದು 9 ಮಿಲಿಮೀಟರ್ ಅಗಲ, ಅಷ್ಟರಲ್ಲಿ ಚಿಕ್ಕ ಕಚ್ಚು ಯಾರಿಗೂ ಕಾಣುವುದಿಲ್ಲ.

ಅದಕ್ಕೆ ಕನ್ನಡಿ ಮಾಡಿ ಮೇಡಂ. ಸಣ್ಣ ಕನ್ನಡಿಗೆ ಕಪ್ಪು ಕಾಗದ ಅಂಟಿಸಿ, ಜೋಳದ ಕಾಳಿನಷ್ಟು ತೂತು ಬಿಡಿ. ಬಿಸಿಲಲ್ಲಿ ಇಟ್ಟು, ಬೆಳಕನ್ನು ಕತ್ತಲೆ ಮಾಡಿದ ಕೊಠಡಿಯ ಗೋಡೆಗೆ ಹೊಡೆಸಿ. ಕನ್ನಡಿಯಿಂದ ಗೋಡೆಗೆ 10 ಮೀಟರ್ ಇದ್ದರೆ ಸೂರ್ಯ 9 ಸೆಂಟಿಮೀಟರ್ ಅಗಲ ಬರುತ್ತಾನೆ, ಕಚ್ಚು ಹಿಂದಿನ ಬೆಂಚಿನವರಿಗೂ ಕಾಣುತ್ತದೆ. ಸಂಜೆ ಬಿಸಿಲು ಓರೆ ಇರುವುದರಿಂದ ಇನ್ನೂ ಸುಲಭ. ಒಂದು ಡಬ್ಬಿಗೆ ರಾಗಿ ತುಂಬಿ ಕನ್ನಡಿಯನ್ನು ಅದರಲ್ಲಿ ಊರಿದರೆ ಬೇಕಾದ ಕೋನಕ್ಕೆ ನಿಲ್ಲುತ್ತದೆ. ಚಿತ್ರ ಸರಿಯುತ್ತಾ ಹೋಗುತ್ತದೆ, ಎರಡು ನಿಮಿಷಕ್ಕೊಮ್ಮೆ ಅಲುಗಿಸಬೇಕು. ಕನ್ನಡಿ ಕಡೆ ಯಾರೂ ತಿರುಗಿ ನೋಡದ ಹಾಗೆ ಒಬ್ಬರು ಅಲ್ಲೇ ನಿಂತಿರಲಿ. ಗೋಡೆಗೆ ಬಿಳಿ ಪಂಚೆ ಕಟ್ಟಿ, ಫ್ಲಾಶ್ ಆಫ್ ಮಾಡಿ, ಮೊಬೈಲಿನಲ್ಲೇ ಫೋಟೋ ತೆಗೆಯಬಹುದು.

ತುಮಕೂರು ಕ್ಯಾಮೆರಾ:
ಇದು ನನಗೆ ಹೊಳೆದೇ ಇರಲಿಲ್ಲ. ಒಂದು ಮಾತು: ಆಗಸ್ಟ್ ಅಂದರೆ ಮೋಡ. ಬೆಟ್ಟದ ಮೇಲೆ ಚೆನ್ನಾಗಿ ಕಾಣುತ್ತದೆ ಅಂತ ನಂದಿಗೋ ದೇವರಾಯನದುರ್ಗಕ್ಕೋ ಹೋಗಬೇಡಿ, ಆ ತಿಂಗಳು ಅಲ್ಲಿ ಮಂಜೇ ಜಾಸ್ತಿ. ಪಡುವಣ ಕಡೆ ಬಯಲಾಗಿರುವ ನಿಮ್ಮ ಶಾಲೆ ಮೈದಾನವೇ ಒಳ್ಳೆಯದು.

ಗುಬ್ಬಿ ಅಜ್ಜನ ಮೊಮ್ಮಗಳು:
ಆರೇ ಮಕ್ಕಳು ಬಂದರು ಅಂದಿರಲ್ಲ, ಅದಕ್ಕೆ ಹೇಳುತ್ತಿದ್ದೇನೆ. ನಮ್ಮ ಮನೆಯಲ್ಲೂ ಗ್ರಹಣ ಅಂದರೆ ಬಾಗಿಲು ಹಾಕಿ, ಅಡುಗೆ ಮೇಲೆ ಗರಿಕೆ ಇಟ್ಟು ಕೂರುತ್ತಿದ್ದರು. ಗ್ರಹಣದ ಹೊತ್ತಿಗೆ ಮಾತ್ರ ಒನಕೆ ನೆಟ್ಟಗೆ ನಿಲ್ಲುತ್ತದೆ ಅಂತ ಅಜ್ಜ ನಂಬಿದ್ದರು. ನಾನು ವಾದ ಮಾಡಲಿಲ್ಲ, ಒಂದು ಮಾಮೂಲಿ ಭಾನುವಾರ ಅವರ ಕೈಯಲ್ಲೇ ಒನಕೆ ನಿಲ್ಲಿಸಿದೆ. ನಿಂತಿತು. ಸುಮಾರು ಹೊತ್ತು ಅದನ್ನೇ ನೋಡುತ್ತಾ ಕೂತಿದ್ದರು. ಪೋಷಕರನ್ನು ಒಂದು ವಾರ ಮುಂಚೆ ಕರೆದು ಕನ್ನಡಿ ತೋರಿಸಿ, ಮಕ್ಕಳು ಸೂರ್ಯನಿಗೆ ಬೆನ್ನು ಹಾಕಿ ಕೂರುತ್ತಾರೆ ಅಂತ ಅವರೇ ನೋಡಲಿ. ಊಟ ಬೇಡ ಅನ್ನುವವರಿಗೆ ಬಲವಂತ ಬೇಡ.

ಚಿಂತಾಮಣಿ ಟೀಚರ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಸಂಜೆ ನಾಲ್ಕೂವರೆಗೆ ಒಂಬತ್ತನೇ ತರಗತಿಯಲ್ಲಿ ಕನ್ನಡಿ ಇಟ್ಟು ನೋಡಿದೆ. ರಾಗಿ ಡಬ್ಬಿ ಐಡಿಯಾ ಚೆನ್ನಾಗಿ ಕೆಲಸ ಮಾಡಿತು. ಆತುರದಲ್ಲಿ ತೂತನ್ನು ಚೌಕವಾಗಿ ಕತ್ತರಿಸಿಬಿಟ್ಟಿದ್ದೆ, ಆದರೂ ಗೋಡೆ ಮೇಲೆ ಗುಂಡಗೆ ಬಿತ್ತು. "ಮಿಸ್, ತೂತು ಚೌಕ, ಬೆಳಕು ಯಾಕೆ ಗುಂಡು?" ಅಂತ ಒಬ್ಬಳು ಕೇಳಿದಳು. ಅದು ಬೆಳಕಿನ ಮಚ್ಚೆ ಅಲ್ಲ, ಸೂರ್ಯನ ಚಿತ್ರ ಅಂದೆ. ಗೋಡೆ ಹತ್ತಿರ ಹೋಗಿ ಬೆರಳಿನಿಂದ ಅದರ ಸುತ್ತ ಗೆರೆ ಎಳೆದಳು, ಅಷ್ಟರಲ್ಲಿ ಸೂರ್ಯ ಅವಳ ಬೆರಳು ದಾಟಿ ಮುಂದೆ ಹೋಗಿದ್ದ.