ಸಿಇಟಿ ಅರ್ಜಿ: ಆರ್‌ಡಿ ಸಂಖ್ಯೆ ಯಾರ ಹೆಸರಿನದ್ದಿರಬೇಕು? ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) ಮೂರೂ ಕೇಳಬಹುದಾ?

ತುಂಗಭದ್ರಾ_ದಡ

ಎಲ್ಲರಿಗೂ ನಮಸ್ಕಾರ. ನಾನು ದ್ವಿತೀಯ ಪಿಯುಸಿ, ಪಿಸಿಎಂಬಿ. ಸಿಇಟಿ ಅರ್ಜಿ ತುಂಬಬೇಕು, ಕೆಲವು ಕಡೆ ಏನು ಹಾಕಬೇಕೋ ಗೊತ್ತಾಗ್ತಿಲ್ಲ.

ಊರು ಕೊಪ್ಪಳ ಜಿಲ್ಲೆ. 1ರಿಂದ 7 ಊರಿನ ಸರ್ಕಾರಿ ಶಾಲೆ, 8ರಿಂದ 10 ಹೋಬಳಿ ಊರಿನ ಹೈಸ್ಕೂಲು, ಎರಡೂ ಕನ್ನಡ ಮಾಧ್ಯಮ. ಪಿಯುಸಿ ಧಾರವಾಡದಲ್ಲಿ. ಪ್ರವರ್ಗ 2ಎ. ಮನೇಲಿರೋ ಜಾತಿ ಮತ್ತು ಆದಾಯ ಪ್ರಮಾಣಪತ್ರ ಅಪ್ಪನ ಹೆಸರಲ್ಲಿದೆ, ಅದರ ಆರ್‌ಡಿ ಸಂಖ್ಯೆ ಹಾಕಿದ್ರೆ ನಡೆಯುತ್ತಾ? ಎಸ್ಸೆಸ್ಸೆಲ್ಸಿ ಅಂಕಪಟ್ಟೀಲಿ ಇನಿಶಿಯಲ್ ಹೆಸರಿನ ಕೊನೇಲಿದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಹೈಸ್ಕೂಲು ಇದ್ದ ಊರು ಈಗ ಪಟ್ಟಣ ಪಂಚಾಯಿತಿ ಆಗಿದೆ, ಹಾಗಾದ್ರೆ ಗ್ರಾಮೀಣ ಕೋಟಾ ಹೋಯ್ತಾ? ಧಾರವಾಡದಲ್ಲಿ ಓದಿದ್ದಕ್ಕೆ 371(ಜೆ), ಅಂದ್ರೆ ಕಲ್ಯಾಣ ಕರ್ನಾಟಕದವರ ಮೀಸಲಾತಿ ತಪ್ಪುತ್ತಾ? ನೀಟ್ ಕೂಡ ಬರೀಬೇಕು ಅಂತಿದೆ.

ದಯವಿಟ್ಟು ತಿಳಿದವರು ಹೇಳಿ.

ಉಪನ್ಯಾಸಕ_ಭೌತಶಾಸ್ತ್ರ

ಮೊದಲು ಒಂದು ಮಾತು ತಂಗಿ. ಈ ಅರ್ಜಿಯಲ್ಲಿ ಹೆಸರು, ವಿಳಾಸ ಟೈಪ್ ಮಾಡೋದು ಅರ್ಧ ಗಂಟೆ ಕೆಲಸ. ನಿನ್ನ ಸೀಟು ನಿರ್ಧಾರ ಆಗೋದು ಮೀಸಲಾತಿ ಪ್ರಶ್ನೆಗಳಿಗೆ ನೀನು ಕೊಡೋ 'ಹೌದು', 'ಇಲ್ಲ'ಗಳ ಮೇಲೆ. ಅರ್ಜಿಯಲ್ಲಿ ಕೇಳದೇ ಬಿಟ್ಟ ಮೀಸಲಾತಿಯನ್ನ ರ‍್ಯಾಂಕ್ ಬಂದ ಮೇಲೆ ಕೇಳಿದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಒಪ್ಪೋದಿಲ್ಲ. ಆದ್ದರಿಂದ ಕಾಗದಪತ್ರ ಮೊದಲು, ವೆಬ್‌ಸೈಟ್ ಆಮೇಲೆ.

ಅಪ್ಪನ ಹೆಸರಿನ ಆರ್‌ಡಿ ಸಂಖ್ಯೆ ನಡೆಯೋದಿಲ್ಲ. ಪ್ರಮಾಣಪತ್ರ ಅಭ್ಯರ್ಥಿಯ ಹೆಸರಲ್ಲೇ ಇರಬೇಕು. ಸಂಖ್ಯೆ ಹಾಕಿದ ಕೂಡಲೇ ಕಂದಾಯ ಇಲಾಖೆಯ ದಾಖಲೆಯಿಂದ ಹೆಸರು, ಪ್ರವರ್ಗ, ಆದಾಯ ಪರದೆ ಮೇಲೆ ಬರುತ್ತೆ. ಅಲ್ಲಿ ಅಪ್ಪನ ಹೆಸರೋ ಅಣ್ಣನ ಹೆಸರೋ ಕಂಡರೆ ಆ ಅರ್ಜಿ ತೊಂದರೆಗೆ ಸಿಕ್ಕಿತು ಅಂತಲೇ ಲೆಕ್ಕ. 2ಎ, 2ಬಿ, 3ಎ, 3ಬಿ ಅವರಿಗೆ ಬೇಕಾದ್ದು ನಮೂನೆ-ಎಫ್, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿರಬೇಕು. ಪರಿಶಿಷ್ಟರಿಗೆ ನಮೂನೆ-ಡಿ, ಪ್ರವರ್ಗ-1ಕ್ಕೆ ನಮೂನೆ-ಇ. ಇವರ ಜಾತಿ ಪ್ರಮಾಣಪತ್ರಕ್ಕೆ ಅವಧಿ ಮುಗಿಯೋ ತಾಪತ್ರಯ ಇಲ್ಲ. ನಿನ್ನ ನಮೂನೆ-ಎಫ್‌ಗೆ 5 ವರ್ಷ ಮಾತ್ರ ಆಯಸ್ಸು. ಎಸ್ಸೆಸ್ಸೆಲ್ಸಿ ಸಮಯದಲ್ಲಿ ವಿದ್ಯಾರ್ಥಿವೇತನಕ್ಕೆ ಅಂತ ನಿನ್ನ ಹೆಸರಲ್ಲಿ ಮಾಡಿಸಿದ್ದು ಇದ್ದರೆ ಹುಡುಕು, ತಾರೀಕು ನೋಡು, ಅದೇ ಸಾಕಾಗಬಹುದು.

ಹೆಸರಿನ ವಿಷಯಕ್ಕೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೇ ಪ್ರಮಾಣ. ಅದರಲ್ಲಿ ಹೇಗಿದೆಯೋ ಹಾಗೇ, ಇನಿಶಿಯಲ್ ಕೊನೇಲಿದ್ದರೆ ಕೊನೇಲೇ. ಅಪ್ಪ, ಅಮ್ಮನ ಹೆಸರೂ ಅಷ್ಟೇ. ಆಧಾರ್ ಬೇರೆ ಥರ ಇದ್ದರೆ ಅಂಕಪಟ್ಟಿಗೆ ಹೊಂದಿಕೊಳ್ಳೋ ಹಾಗೆ ಆಧಾರ್ ತಿದ್ದಿಸೋದು ಸುಲಭ, ಅಂಕಪಟ್ಟಿ ತಿದ್ದಿಸೋದು ಬಹಳ ಕಷ್ಟ.

ಎಲಿಜಿಬಿಲಿಟಿ ಕ್ಲಾಸ್‌ನಲ್ಲಿ 'ಎ' ಆರಿಸು. 1ನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿ, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿಯನ್ನ ಇಲ್ಲೇ ಪಾಸಾದವರಿಗೆ ಇರೋದು ಅದು. ಉಳಿದ ಅಕ್ಷರಗಳು ಸೈನಿಕರ ಮಕ್ಕಳು, ಬೇರೆ ರಾಜ್ಯದಲ್ಲಿ ಕೆಲಸದಲ್ಲಿರೋ ನೌಕರರ ಮಕ್ಕಳು, ಹೊರನಾಡು ಮತ್ತು ಗಡಿನಾಡು ಕನ್ನಡಿಗರು ಇಂಥವರಿಗೆ.

ಮೂರೂ ಮೀಸಲಾತಿ ಒಟ್ಟಿಗೆ ಕೇಳಬಹುದು, ಕೇಳಲೇಬೇಕು. ಪ್ರತಿ ಪ್ರವರ್ಗದ ಒಳಗೇ ಗ್ರಾಮೀಣರಿಗೆ 15%, ಕನ್ನಡ ಮಾಧ್ಯಮದವರಿಗೆ 5% ಇದೆ. ಕಟ್‌ಆಫ್ ಪಟ್ಟೀಲಿ 2ಎಜಿ, 2ಎಆರ್, 2ಎಕೆ ಅಂತ ಮೂರು ಕಾಲಂ ಕಾಣುತ್ತಲ್ಲ, ಅದೇ ಇದು: ಜಿ ಅಂದರೆ ಸಾಮಾನ್ಯ, ಆರ್ ಗ್ರಾಮೀಣ, ಕೆ ಕನ್ನಡ ಮಾಧ್ಯಮ. ಒಂದೇ ಕಾಲೇಜಿನ ಒಂದೇ ಬ್ರಾಂಚ್‌ಗೆ ಈ ಮೂರು ಕಾಲಂ ಅಕ್ಕಪಕ್ಕ ಇಟ್ಟು ನೋಡು, 'ಇಲ್ಲ' ಅಂತ ಒತ್ತಿದರೆ ಏನು ಕಳೆದುಕೊಳ್ತೀಯ ಅನ್ನೋದು ಕಣ್ಣಿಗೇ ಕಾಣುತ್ತೆ.

ಹೋಬಳಿ_ಕೇಂದ್ರ

ಸರ್ ಹೇಳಿದ್ದು ಖರೆ ಐತಿ. ನಾಡಕಚೇರಿ ಕಡೆ ಮಾತು ನಾ ಹೇಳತೀನಿ.

ನಿನ್ನ ಹೆಸರಿಗೆ ಹೊಸಾದು ಮಾಡಸಬೇಕಾದ್ರ ಅಂಕಪಟ್ಟಿ ಜೆರಾಕ್ಸ್ ತಗೊಂಡ ಹೋಗು, ಬರೇ ಆಧಾರ್ ಕೊಡಬ್ಯಾಡ. ಆಪರೇಟರ್ ಆಧಾರ್ ನೋಡಿ ಹೆಸರು ಹೊಡದಾರಂದ್ರ ಮತ್ತ ಅದ ಹೊಂದಾಣಿಕಿ ತಕರಾರು. ಮನಿಯವರ ವಿವರ ಓಟಿಸಿ (ಕೌಂಟರಿನ್ಯಾಗ ಕೂಡಲೇ ಪತ್ರ ಕೊಡೂ ವ್ಯವಸ್ಥೆ) ದಾಖಲೆದಾಗ ಮೊದಲ ಸೇರಿದ್ರ ಪ್ರಮಾಣಪತ್ರ ಲಗೂನ ಸಿಗತೈತಿ. ಇಲ್ಲಂದ್ರ ಗ್ರಾಮ ಆಡಳಿತ ಅಧಿಕಾರಿ (ಮೊದಲಿನ ಗ್ರಾಮ ಲೆಕ್ಕಿಗರು), ಆಮ್ಯಾಲೆ ಕಂದಾಯ ನಿರೀಕ್ಷಕರು ನೋಡಿ, ತಹಶೀಲ್ದಾರ್ ಸಹಿ ಆಗೂತನಕ ಕಾಯಬೇಕು. ಸಿಇಟಿ ಅರ್ಜಿ ಕರದ ಮ್ಯಾಲೆ ಎಲ್ಲಾರೂ ಒಮ್ಮೆಲೇ ಬರತಾರ, ಡಿಸೆಂಬರ್ ಒಳಗ ಮುಗಿಸಿಕೊಂಡವರು ಆರಾಮ ಇರತಾರ.

'ಆರ್‌ಡಿ' ಅನ್ನೂ ಅಕ್ಷರ ಆದಮ್ಯಾಲೆ 13 ಅಂಕಿ ಇರತಾವು. ಅದರಾಗ ಇರೂದು ಸೊನ್ನೆ, 'ಓ' ಅಕ್ಷರ ಅಲ್ಲ. ನಡುವ ಜಾಗ ಬಿಡಬಾರದು. 'ದಾಖಲೆ ಸಿಗಲಿಲ್ಲ' ಅಂತ ಬಂದ್ರ ಮೊದಲ ಇದನ್ನ ನೋಡು.

371(ಜೆ)ಗೆ ನಾಡಕಚೇರಿ ಜಾತಿ ಪತ್ರ ಸಾಲೂದಿಲ್ಲ. ಅದು ಬ್ಯಾರೆ ಅರ್ಹತಾ ಪ್ರಮಾಣಪತ್ರ, ಸಹಾಯಕ ಆಯುಕ್ತರು ಕೊಡೂದು. ಅದೂ ನಿನ್ನ ಹೆಸರಿನ್ಯಾಗ ಇರಬೇಕು. ಪಿಯುಸಿ ಧಾರವಾಡದಾಗ ಓದಿದ್ರೂ ಅಡ್ಡಿ ಇಲ್ಲ. ನೀನು, ನಿಮ್ಮಪ್ಪ ಅವ್ವ ಆ ಭಾಗದವರು ಹೌದೋ ಅಲ್ಲೋ ಅನ್ನೂದ ಮುಖ್ಯ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಏಳೂ ಜಿಲ್ಲೆಯವರಿಗೆ ಐತಿ. ನಮ್ಮ ಭಾಗದ ಕಾಲೇಜಿನ್ಯಾಗ 70%, ಉಳಿದ ಕರ್ನಾಟಕದ ಕಾಲೇಜಿನ್ಯಾಗ 8%. ನಮ್ಮ ಹುಡುಗೂರು ಇದನ್ನ ಬಿಟ್ಟು ಅರ್ಜಿ ಹಾಕೂದು ನೋಡಿದ್ರ ಹೊಟ್ಟಿ ಉರಿತೈತಿ.

ತುಂಗಭದ್ರಾ_ದಡ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಗ್ರಾಮೀಣದ ಬಗ್ಗೆ ಇನ್ನೂ ಅನುಮಾನ ಇದೆ. 10ನೇ ಕ್ಲಾಸ್ ಹಳ್ಳೀಲಿ ಓದಿದ್ರೆ ಸಾಕು ಅಂತ ಒಬ್ಬರು, ಈಗ ಪಟ್ಟಣ ಪಂಚಾಯಿತಿ ಇರೋದ್ರಿಂದ ಬರೋದೇ ಇಲ್ಲ ಅಂತ ಇನ್ನೊಬ್ಬರು ಹೇಳ್ತಿದಾರೆ.

ಉಪನ್ಯಾಸಕ_ಭೌತಶಾಸ್ತ್ರ

ಎರಡೂ ತಪ್ಪು. 1ರಿಂದ 10ರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೇಲಿ ಓದಿರಬೇಕು. ಒಂದು ವರ್ಷ ಊನವಾದರೂ ಬರೋದಿಲ್ಲ. ಆದರೆ ನೋಡಬೇಕಾದ್ದು ಆ ಊರು ಈಗ ಏನಾಗಿದೆ ಅಂತಲ್ಲ, ನೀನು ಓದುತ್ತಿದ್ದ ವರ್ಷಗಳಲ್ಲಿ ಏನಾಗಿತ್ತು ಅಂತ. ನಿನ್ನ 10ನೇ ತರಗತಿ ಮುಗಿಯೋವರೆಗೂ ಗ್ರಾಮ ಪಂಚಾಯಿತಿಯೇ ಇದ್ದರೆ ಧೈರ್ಯವಾಗಿ 'ಹೌದು' ಅನ್ನು. 9ನೇ ತರಗತಿಯಲ್ಲೇ ಪಟ್ಟಣ ಪಂಚಾಯಿತಿ ಆಗಿದ್ದರೆ ಕೇಳಬೇಡ. ಪಟ್ಟಣ ಪಂಚಾಯಿತಿ ಎಷ್ಟೇ ಸಣ್ಣದಿರಲಿ, ಈ ಲೆಕ್ಕಕ್ಕೆ ಅದು ನಗರವೇ.

ಯಾವ ತಾರೀಕಿನಿಂದ ಮೇಲ್ದರ್ಜೆಗೆ ಏರಿತು ಅನ್ನೋದನ್ನ ಪಂಚಾಯಿತಿ ಕಚೇರೀಲಿ ಕೇಳಿ ತಿಳಿದುಕೊ. ಆಮೇಲೆ ವ್ಯಾಸಂಗ ಪ್ರಮಾಣಪತ್ರ. ನೀನು ಎರಡು ಶಾಲೇಲಿ ಓದಿರೋದರಿಂದ ಎರಡೂ ಕಡೆ ಮುಖ್ಯ ಶಿಕ್ಷಕರ ಸಹಿ ಬೇಕು, ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಮತ್ತು ಸೀಲು. ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೂ ಇದೇ ಕ್ರಮ, ಅದಕ್ಕೂ 1ರಿಂದ 10 ಪೂರ್ತಿ. ಎರಡನ್ನೂ ಒಂದೇ ಓಡಾಟದಲ್ಲಿ ಮುಗಿಸು. ಸಾಮಾನ್ಯವಾಗಿ ತಪ್ಪಿಹೋಗೋದು ಎಲ್ಲಿ ಅಂದರೆ, ಮುಖ್ಯ ಶಿಕ್ಷಕರು '1ರಿಂದ 7' ಅಂತಷ್ಟೇ ಬರೆದು ವರ್ಷಗಳನ್ನ ಬಿಡ್ತಾರೆ. ಯಾವ ವರ್ಷದಿಂದ ಯಾವ ವರ್ಷ ಅನ್ನೋದು ಬರೆಸಿಕೊ. ಅರ್ಜಿಯಲ್ಲೂ ತರಗತಿವಾರು ಓದಿನ ವಿವರ ತುಂಬಬೇಕು, ಅದಕ್ಕೂ ಇದಕ್ಕೂ ತಾಳೆಯಾಗಬೇಕು.

ಅರ್ಜಿಗೆ ಬೇಕಾದ ಸ್ಯಾಟ್ಸ್ ಸಂಖ್ಯೆ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಟ್ಟಿರೋ ಸಂಖ್ಯೆ) ಕಾಲೇಜು ಕಚೇರೀಲಿ ಸಿಗುತ್ತೆ. ಶಾಲೆಯ ದಾಖಲೆಯಲ್ಲೇ ಮಾಧ್ಯಮ ತಪ್ಪಾಗಿದ್ದರೆ ಆ ಶಾಲೆಯಿಂದಲೇ ಸರಿಪಡಿಸಿಕೊಳ್ಳಬೇಕು, ಸೈಬರ್ ಸೆಂಟರಿನವರು ಏನೂ ಮಾಡಲಾರರು.

ನೀಟ್ ಅರ್ಜಿ ಪೂರಾ ಬೇರೆ, ಅದು ಎನ್‌ಟಿಎ (ರಾಷ್ಟ್ರೀಯ ಪರೀಕ್ಷಾ ಸಂಸ್ಥೆ) ವೆಬ್‌ಸೈಟಿನಲ್ಲಿ. ಅಲ್ಲಿ 'ಒಬಿಸಿ-ಎನ್‌ಸಿಎಲ್' (ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ) ಅಂತ ಕಂಡ ತಕ್ಷಣ ಒತ್ತಬೇಡ. ಅದು ಕೇಂದ್ರದ ಪಟ್ಟಿ. ನಿನ್ನ ಜಾತಿ ಆ ಪಟ್ಟೀಲಿದ್ದು, ಕೇಂದ್ರದ ನಮೂನೆಯ ಪ್ರಮಾಣಪತ್ರ ಬೇರೆಯಾಗಿ ಮಾಡಿಸಿದ್ದರೆ ಮಾತ್ರ ಅದು ಸರಿ. ರಾಜ್ಯ ಕೋಟಾದ ವೈದ್ಯಕೀಯ ಸೀಟಿಗೆ 2ಎ ಲೆಕ್ಕ ಆಗೋದು ಪರೀಕ್ಷಾ ಪ್ರಾಧಿಕಾರದ ಅರ್ಜಿಯಿಂದ. ಫಲಿತಾಂಶದ ನಂತರ ನೀಟ್ ವಿವರವನ್ನ ಅಲ್ಲಿ ಸೇರಿಸಬೇಕಾಗುತ್ತೆ.

ಸೈಬರ್_ಕೌಂಟರ್

ಫೋಟೊ ಮತ್ತು ಹಣದ ಬಗ್ಗೆ ಯಾರೂ ಹೇಳಲಿಲ್ಲ.

ಫೋಟೊ, ಸಹಿ, ಎಡಗೈ ಹೆಬ್ಬೆಟ್ಟಿನ ಗುರುತು, ಮೂರೂ ಜೆಪಿಜಿ, ಒಂದೊಂದೂ 50 ಕೆಬಿ ಒಳಗೆ. ಮೊಬೈಲಲ್ಲಿ ತೆಗೆದ ಚಿತ್ರ ಎಷ್ಟೋ ಎಂಬಿ ಇರುತ್ತೆ. ಮೊದಲು ಸುತ್ತಲಿನ ಖಾಲಿ ಜಾಗ ಕತ್ತರಿಸಿ, ಆಮೇಲೆ ಗಾತ್ರ ಇಳಿಸಿ. ಕತ್ತರಿಸದೇ ಇಳಿಸಿದರೆ ಸಹಿ ಚುಕ್ಕಿಯಷ್ಟಾಗುತ್ತೆ, ಓದೋಕೆ ಬರಲ್ಲ. ಐಫೋನ್ ಚಿತ್ರದ ಹೆಸರಿನ ಕೊನೇಲಿ ಜೆಪಿಜಿ ಅಂತ ಬರೆದ ಮಾತ್ರಕ್ಕೆ ಅದು ಜೆಪಿಜಿ ಆಗಲ್ಲ, ವೆಬ್‌ಸೈಟ್ ತಿರಸ್ಕರಿಸುತ್ತೆ; ಸರಿಯಾಗಿ ಬದಲಾಯಿಸಬೇಕು. ಹೆಬ್ಬೆಟ್ಟಿಗೆ ಶಾಯಿ ಜಾಸ್ತಿ ಆದರೆ ಗೆರೆಗಳು ಮುಚ್ಚಿಹೋಗುತ್ತೆ. ಬಿಳಿ ಹಾಳೆ ಮೇಲೆ ನಾಲ್ಕೈದು ಸಲ ಒತ್ತಿ, ಎರಡನೆಯದೋ ಮೂರನೆಯದೋ ಗೆರೆ ಬಿಡಿಬಿಡಿಯಾಗಿ ಬಂದಿರುತ್ತೆ, ಅದನ್ನ ತಗೊಳ್ಳಿ.

ಮೊಬೈಲ್ ನಂಬರ್, ಇಮೇಲ್ ನಿಮ್ಮದೇ ಕೊಡಿ, ಸೆಂಟರಿನದ್ದು ಬೇಡವೇ ಬೇಡ. ಮುಂದೆ ಪ್ರವೇಶಪತ್ರ, ಆಪ್ಷನ್ ಎಂಟ್ರಿ (ಕಾಲೇಜು, ಕೋರ್ಸು ಆರಿಸೋದು), ಸೀಟು ಒಪ್ಪಿಕೊಳ್ಳೋದು ಎಲ್ಲಾ ಅದೇ ಲಾಗಿನ್‌ನಲ್ಲಿ. ಜೂನ್, ಜುಲೈನಲ್ಲಿ ಒಟಿಪಿ ಸೆಂಟರಿನ ಫೋನಿಗೆ ಹೋಗಿ ಅದು ಮುಚ್ಚಿದ್ದರೆ ಏನು ಮಾಡ್ತೀರಿ? ಟೈಪ್ ಮಾಡೋಕೆ ಯಾರ ಸಹಾಯ ಬೇಕಾದರೂ ತಗೊಳ್ಳಿ, ಮೀಸಲಾತಿ ಪುಟ ಬಂದಾಗ ಮಾತ್ರ ಪಕ್ಕದಲ್ಲಿ ಕೂತು ಒಂದೊಂದು ಪ್ರಶ್ನೆಗೂ ನೀವೇ ಉತ್ತರ ಹೇಳಿ.

ಹಣ ಕಟ್ ಆಗಿ 'ಪಾವತಿ ಆಗಿಲ್ಲ' ಅಂತ ತೋರಿಸಿದರೆ ಗಾಬರಿಯಿಂದ ತಕ್ಷಣ ಮತ್ತೆ ಕಟ್ಟಬೇಡಿ. ಲಾಗೌಟ್ ಆಗಿ, ಸ್ವಲ್ಪ ಹೊತ್ತು ಬಿಟ್ಟು ಸ್ಥಿತಿ ನೋಡಿ. ಕೊನೇ ದಿನದವರೆಗೆ ಬಿಟ್ಟವರಿಗೆ ಹೀಗೆ ಕಾಯೋ ಅವಕಾಶವೇ ಇರಲ್ಲ. ಶುಲ್ಕ ಕಟ್ಟದ ಅರ್ಜಿಗೆ ಬೆಲೆ ಇಲ್ಲ, ಎಷ್ಟೇ ಸರಿಯಾಗಿ ತುಂಬಿದ್ದರೂ.

ಕುಂಬಳೆ_ಕನ್ನಡಿಗ

ಇದೇ ಎಳೆಯಲ್ಲಿ ಒಂದು ಕೇಳ್ತೇನೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ಅರ್ಜಿ ಹಾಕ್ಲಿಕ್ಕೆ ಆಗ್ತದಾ? ಮನೆಮಾತು ತುಳು.

ಉಪನ್ಯಾಸಕ_ಭೌತಶಾಸ್ತ್ರ

ಆಗುತ್ತೆ. ಗಡಿನಾಡು ಕನ್ನಡಿಗರ ಕ್ಲಾಸ್ ಆರಿಸಬೇಕು. ಮಾತೃಭಾಷೆ ಕನ್ನಡ, ತುಳು, ಕೊಡವ ಯಾವುದಿದ್ದರೂ ಸರಿ. ಸಿಇಟಿ ಜೊತೆಗೆ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಇರುತ್ತೆ, ಕನಿಷ್ಠ 12 ಬರಬೇಕು. 4ನೇ ತರಗತಿ ಮಟ್ಟದ್ದು, ಕಷ್ಟವಿಲ್ಲ, ಆದರೆ ತಪ್ಪಿಸಿಕೊಂಡರೆ ಅರ್ಹತೆಯೇ ಹೋಗುತ್ತೆ. 2025ರಲ್ಲಿ ಸಿಇಟಿ ಏಪ್ರಿಲ್ 16, 17ಕ್ಕೆ ಇತ್ತು; ಭಾಷಾ ಪರೀಕ್ಷೆಯ ದಿನ ಬೇರೆ. ವೇಳಾಪಟ್ಟಿಯಲ್ಲಿ ಎರಡನ್ನೂ ನೋಡಿಕೊಳ್ಳಿ.

ತುಂಗಭದ್ರಾ_ದಡ

ಪಂಚಾಯಿತೀಲಿ ವಿಚಾರಿಸಿಯಾಯ್ತು, 10ನೇ ಕ್ಲಾಸ್ ಮುಗಿದ ಮೇಲೆಯೇ ಪಟ್ಟಣ ಪಂಚಾಯಿತಿ ಆಗಿರೋದು. ವ್ಯಾಸಂಗ ಪತ್ರದ ಜೊತೆ ಆ ಆದೇಶದ ಪ್ರತಿಯನ್ನೂ ಇಟ್ಟುಕೊಳ್ಳಬೇಕಾ?

ಹೋಬಳಿ_ಕೇಂದ್ರ

ಇಟಗೋರಿ. ಬಿಇಒ ಆಫೀಸಿನ್ಯಾಗ ಮೇಲುಸಹಿ ಕೇಳುವಾಗ ಮೊದಲ ಅದನ್ನ ತೋರಸ್ರಿ, ಅಲ್ಲೇ ಅವರಿಗೆ ಅನುಮಾನ ಬರೂದು.