ಪದಚರ್ಚೆ: ಅಕಲ್ಟ್, ಮಿಸ್ಟಿಕ್, ಅನ್‌ಕ್ಯಾನಿ – ಎಲ್ಲಕ್ಕೂ ‘ನಿಗೂಢ’ವೇ?

ಗೆಳೆಯರೇ, ಶರಣು.

ಹೋದ ತಿಂಗಳು ಕಲಬುರಗಿಯ ಒಂದು ಲ್ಯಾಬಿನಿಂದ ನಮ್ಮ ಅವ್ವನ ರಿಪೋರ್ಟು ತಂದೆ. ಮಲ ಪರೀಕ್ಷೆಯ ಹಾಳೆಯಲ್ಲಿ ‘ಅಕಲ್ಟ್ ಬ್ಲಡ್: ನೆಗೆಟಿವ್’ ಎಂದಿತ್ತು. ಬಿ.ಎ. ಓದುವ ತಂಗಿಯ ಮಗ ಮೊಬೈಲಿನ ನಿಘಂಟು ತೆಗೆದು, “ಮಾಮಾ, ಇದರಾಗ ಮಾಟ, ಮಂತ್ರವಿದ್ಯೆ ಅಂತ ಅದ!” ಎಂದ. ಅವ್ವ ಖರೇನೇ ಗಾಬರಿಯಾದಳು. “ಯಾರ್ ಮಾಡಸ್ಯಾರೋ ತಮ್ಮಾ, ಬಾನಾಮತಿ?” ನೆಗೆಟಿವ್ ಅಂದ್ರ ಇಲ್ಲ ಅಂತ, ಅದೂ ರಕ್ತ ಇಲ್ಲ ಅಂತ – ಇಷ್ಟು ತಿಳಿಸಿ ಹೇಳುವುದರೊಳಗೆ ಚಹಾ ಆರಿಹೋಯಿತು.

ಆ ಪದದ ಲ್ಯಾಟಿನ್ ಮೂಲಕ್ಕೆ ‘ಮರೆಯಲ್ಲಿಟ್ಟದ್ದು’ ಎಂದಷ್ಟೇ ಅರ್ಥ. ವೈದ್ಯರಿಗೆ ಅದು ಬರಿಗಣ್ಣಿಗೆ ಕಾಣದಷ್ಟು ಅಲ್ಪ ರಕ್ತ. ಚಂದ್ರ ಅಡ್ಡ ಬಂದು ನಕ್ಷತ್ರವೊಂದು ಮರೆಯಾದರೆ ಖಗೋಳದವರೂ ಅಕಲ್ಟೇಶನ್ ಎನ್ನುತ್ತಾರೆ. ಕನ್ನಡದಲ್ಲಿ ‘ಗುಪ್ತ ರಕ್ತ’ ಎಂದು ಬರೆದದ್ದನ್ನೂ ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ, ಓದಿದವರಿಗೆ ಗುಪ್ತರೋಗ ನೆನಪಾಗುತ್ತದೆ. ‘ಕಣ್ಣಿಗೆ ಕಾಣದ ರಕ್ತ’ ಎಂದರೆ ಅವ್ವನಿಗೂ ತಿಳಿಯುತ್ತದೆ.

ಈಗ ನನ್ನ ಖರೆ ತಾಪತ್ರಯಕ್ಕೆ ಬರುತ್ತೇನೆ. ಬೀದರ್ ಹತ್ತಿರದ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನರ ಗೋರಿಗಳ ಗುಂಬಜುಗಳ ಬಗ್ಗೆ ಒಂದು ಇಂಗ್ಲಿಷ್ ಲೇಖನ ಅನುವಾದಿಸುತ್ತಿದ್ದೇನೆ. ಮೊದಲ ಕರಡು ಓದಿಕೊಂಡರೆ ಒಂದೇ ಪುಟದಲ್ಲಿ ಆರು ಸಲ ‘ನಿಗೂಢ’. ದೊರೆಯೂ ನಿಗೂಢ, ಗೋಡೆಯ ಬರಹವೂ ನಿಗೂಢ, ಮೌನವೂ ನಿಗೂಢ. ಪತ್ರಿಕೆಯ ‘ನಿಗೂಢ ಸಾವು’ ಎಂಬ ತಲೆಬರಹಕ್ಕೆ ಆ ಪದ ಸರಿ. ಅಲ್ಲಿ ಏನೋ ತಿಳಿದಿಲ್ಲ, ತನಿಖೆಯಾದರೆ ತಿಳಿಯಬಹುದು. ಅದೇ ಮಿಸ್ಟೀರಿಯಸ್.

ಮಿಸ್ಟಿಕ್ ಹಾಗಲ್ಲ. ಎರಡರ ಮೂಲವೂ ಒಂದೇ: ಗ್ರೀಕಿನಲ್ಲಿ ಕಣ್ಣನ್ನೋ ತುಟಿಯನ್ನೋ ಮುಚ್ಚಿಕೊಳ್ಳುವುದು. ಆದರೆ ಮಿಸ್ಟಿಕ್ ಆದವನಿಗೆ ಗೊತ್ತಾಗಿದೆ, ಹೇಳಲು ಬಾಯಿಲ್ಲ. ಇದಕ್ಕೆ ನಮ್ಮಲ್ಲಿ ‘ಅನುಭಾವಿ’ ಎಂಬ ಪದ ಇರುವಾಗ ಬೇರೆ ಯಾಕೆ ಹುಡುಕಬೇಕು? ಲೇಖನದ ಮಿಸ್ಟಿಕ್ ದೊರೆ ಎಂದರೆ ನಮ್ಮೂರು ಕಲಬುರಗಿಯಿಂದ ಬೀದರಿಗೆ ರಾಜಧಾನಿ ಒಯ್ದ ಬಹಮನಿ ಸುಲ್ತಾನ ಅಹಮದ್ ಶಾಹ್ ವಲಿ (ಮರಣ 1436). ಸುಲ್ತಾನನಿಗೆ ಶರಣರ ಪದ ಹೊಂದುತ್ತದೆಯೇ ಎಂದು ಒಬ್ಬ ಮಿತ್ರರು ಕೇಳಿದರು. ಹಿಂದೂಗಳು ಆತನನ್ನು ಅಲ್ಲಮಪ್ರಭು ಎಂದೇ ನಡೆದುಕೊಳ್ಳುತ್ತಾರೆ, ಅಷ್ಟೂರಿನ ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ. ಪದ ಹೊಂದಿಸಿದ್ದು ನಾನಲ್ಲ, ಜನ.

ಆ ಸುಲ್ತಾನನ ಗುಂಬಜಿನೊಳಗೆ ಹಗಲಲ್ಲೂ ಕತ್ತಲು. ನಾನು ಹೋದಾಗ ಕಾವಲಿನ ಮುತ್ಯಾ ಬಾಗಿಲಲ್ಲಿ ಕನ್ನಡಿ ಹಿಡಿದು ಬಿಸಿಲನ್ನು ಒಳಗೆ ತಿರುಗಿಸಿದರು. ಬೆಳಕಿನ ತುಂಡು ಗೋಡೆ ಮೇಲೆ ಹರಿದಂತೆ ಕೆಂಪು, ಚಿನ್ನದ ಬಣ್ಣ ಎದ್ದವು, ಕೈ ಇಳಿಸಿದರೆ ಮತ್ತೆ ಗಾಯಬ್. (ನಾವು ದಿನಾ ಆಡುವ ಈ ‘ಗಾಯಬ್’ ಮತ್ತು ಸೂಫಿಗಳು ಕಾಣದ ಲೋಕಕ್ಕೆ ಹೇಳುವ ‘ಗೈಬ್’ ಎರಡೂ ಅರಬ್ಬಿಯ ಒಂದೇ ಧಾತುವಿನವು. ಸಂತರ ಪವಾಡವಾಗಿದ್ದ ‘ಕರಾಮತ್’ ನಮ್ಮ ಬಾಯಲ್ಲಿ ಚಾಲಾಕಿಯ ಕರಾಮತ್ತು ಆಯಿತು.) ಅಲ್ಲಿ ಸೂಫಿ ಗುರುಪರಂಪರೆ ಬರೆದದ್ದಿದೆ, ಲೇಖಕರು ಅದನ್ನು ಎಸೊಟೆರಿಕ್ ಎಂದಿದ್ದಾರೆ. ಗ್ರೀಕಿನಲ್ಲಿ ‘ಒಳಗಿನದು’, ಅಂದರೆ ದೀಕ್ಷೆಯಾದವರಿಗಷ್ಟೇ. ನಾನು ‘ಒಳಗಿನವರ ಮಾತು’ ಎಂದು ಹಾಕಿದ್ದೇನೆ. ಆರ್ಕೇನ್ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಂಥದ್ದು, ಮೂಲವೂ ಲ್ಯಾಟಿನ್ನಿನ ಪೆಟ್ಟಿಗೆಯೇ. ಅದಕ್ಕೆ ‘ಗೂಢ’ ಸಾಕು.

ಕ್ರಿಪ್ಟಿಕ್‌ಗೆ ನನ್ನ ಓಟು ‘ಬೆಡಗು’. ಬೆಡಗಿನ ವಚನ ಕಟ್ಟಿದವರು ಬೇಕೆಂದೇ ಅರ್ಥ ಮುಚ್ಚಿದ್ದಾರೆ, ಬಿಚ್ಚುವ ದಾರಿಯನ್ನೂ ಇಟ್ಟಿದ್ದಾರೆ. ತೊಡಕೆಂದರೆ ‘ಬೆಡಗಿ’ ಇಂದು ಸಿನಿಮಾ ಪುಟದ ಪದ. ದಾಸರ ಒಗಟಿನಂಥ ಹಾಡು ‘ಮುಂಡಿಗೆ’ಯೂ ಇದೆ, ಆದರೆ ಅದರಿಂದ ವಿಶೇಷಣ ಹೊರಡುವುದಿಲ್ಲ. ಎನಿಗ್ಮಾಗೆ ‘ಒಗಟು’. ‘ಒಡಪು’ ಎಂದವರಿಗೆ ನನ್ನ ತಕರಾರು: ಮದುವೆಯಲ್ಲಿ ಗಂಡನ ಹೆಸರನ್ನು ಒಡಪಿನಲ್ಲಿ ಸುತ್ತಿ ಹೇಳುವಾಗ ಉತ್ತರ ಇಡೀ ಚಪ್ಪರಕ್ಕೆ ಮೊದಲೇ ಗೊತ್ತಿರುತ್ತದೆ!

ಸಿಕ್ಕಿಬಿದ್ದಿರುವುದು ಕೊನೆಯ ಎರಡು ಪದಗಳಲ್ಲಿ. ಅಷ್ಟೂರಿನ ಅದೇ ಗುಂಬಜುಗಳ ಸಾಲಿನಲ್ಲಿ ಬಹಮನಿ ಸುಲ್ತಾನ ಹುಮಾಯೂನನ ಗೋರಿಯಿದೆ. ಸಿಡಿಲು ಬಡಿದು ಗುಮ್ಮಟ ಅರ್ಧ ಬಿದ್ದು, ಒಳಗಿನ ಕಮಾನು ಬಯಲಿಗೆ ಬಾಯಿ ತೆರೆದು ನಿಂತಿದೆ. ಸಂಜೆ ಅಲ್ಲಿ ನಿಂತರೆ ಆಗುವುದು ‘ಈರಿ’ (eerie), ನಿರ್ಜನದಲ್ಲಿ ಹುಟ್ಟುವ ಅಂಜಿಕೆ. ‘ಬಿಕೋ ಎನ್ನುವ’ ಎಂದರೆ ಜನ ಇಲ್ಲದ್ದು ಮಾತ್ರ ಬರುತ್ತದೆ, ಅಂಜಿಕೆ ಬರುವುದಿಲ್ಲ. ‘ಮೈ ಝುಮ್ಮೆನ್ನುವ’ ಎಂದರೆ ಹಾಡು ಕೇಳಿದರೂ ಆಗುತ್ತದೆ. ಅನ್‌ಕ್ಯಾನಿ ಇನ್ನೂ ಕಷ್ಟ: ಗುರುತಿನದೇ, ಆದರೂ ಏನೋ ತಪ್ಪಿದೆ. ಮನೋವಿಶ್ಲೇಷಕ ಫ್ರಾಯ್ಡ್ 1919ರಲ್ಲಿ ಇಂಥದ್ದೇ ಜರ್ಮನ್ ಪದದ ಮೇಲೆ ಇಡೀ ಪ್ರಬಂಧ ಬರೆದ. ತೀರಿಹೋದ ಕಾಕಾನ ದನಿಯಲ್ಲೇ ಅವನ ಮಗ ಪಡಸಾಲೆಯಿಂದ “ಯವ್ವಾ, ನೀರು” ಎಂದಾಗ ನಮ್ಮ ಕಾಕು ಕೈಯಲ್ಲಿನ ತಂಬಿಗೆ ಹಾಗೇ ಹಿಡಿದು ನಿಂತಿದ್ದಳು. ಆಮೇಲೆ ಕೇಳಿದರೆ “ಒಂಥರಾ ಆತು ನೋಡು” ಎಂದಳು, ಅಷ್ಟೇ.

ಆ ‘ಒಂಥರಾ’ಕ್ಕೆ ನಿಮ್ಮ ಕಡೆ ಹಳಬರು ಏನಂತಾರೆ? ಆಳಂದ, ಸುರಪುರ, ಔರಾದ ಕಡೆಯವರು ಮೊದಲು ಬರೆಯಿರಿ. ನಿಘಂಟಿನದು ಬೇಡ, ಅದು ನನ್ನ ಹತ್ತಿರವೂ ಅದ.